ಇನ್ನಾಸಿಯ ಹಳೇ ಬೇಸ್ ಪೆಟ್ಟಿಗೆ

ಸೂಸೆಪಾಳ್ಯದಲ್ಲಿ ಜ್ಞಾನಮ್ಮ ಅಂತ ಒಬ್ಬಳು ತಾಯಿ ಇದ್ದಳು. ಗಂಡ ತೀರಿಕೊಂಡಿದ್ದ. ಇದ್ದೋನು ಒಬ್ಬನೇ ಮಗ, ಇನ್ನಾಸಿ. ಮೀಸೆ ಬಂದಿತ್ತು, ಭುಜ ಬಂದಿತ್ತು, ಬುದ್ಧಿ ಒಂದು ಇನ್ನೂ ದಾರಿಯಲ್ಲೇ ಇತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನ ಮಾಡ್ತಿದ್ದ. ಅದೇ ಕಷ್ಟ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ!

"ಒಲೆ ಮೇಲೆ ಅನ್ನ ಇದೆ, ನೋಡ್ತಾ ಇರು ಮಗನೇ" ಅಂತ ಜ್ಞಾನಮ್ಮ ನೀರಿಗೆ ಹೋದಳು. ಬಂದು ನೋಡಿದ್ರೆ ಮನೆ ತುಂಬ ಹೊಗೆ!

"ಅನ್ನ ಸೀದು ಹೋಯ್ತಲ್ಲೋ! ಏನು ಮಾಡ್ತಿದ್ದೆ?"

"ನೋಡ್ತಾ ಇದ್ದೆ ಅವ್ವ! ಮೊದಲು ಬೆಳ್ಳಗಿತ್ತು, ಆಮೇಲೆ ಕೆಂಪಗಾಯ್ತು, ಈಗ ಕರ್ರಗಾಯ್ತು!"

ಇಂಥವನನ್ನ ಏನು ಮಾಡೋದು? ಜ್ಞಾನಮ್ಮ ಚರ್ಚಿನ ಪೀಠದ ಬಟ್ಟೆಗಳನ್ನ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವಳು. ಭಾನುವಾರದ ಪೂಜೆಯಲ್ಲಿ ಮುಂದಿನ ಬೆಂಚಿನಲ್ಲೇ ಕೂರುವವಳು. ಮಗನಿಗೂ ನಾಲ್ಕು ಜನರ ನಡುವೆ ಒಂದು ಜಾಗ ಆಗಲಿ ಅಂತ ಅವಳ ಆಸೆ. ಅದಕ್ಕೇ ಅವನನ್ನ ಚರ್ಚಿನ ಹಾಡುಗಾರರ ಮೇಷ್ಟ್ರು ಚೌರಪ್ಪನ ಹತ್ತಿರ ಕರ್ಕೊಂಡು ಹೋದಳು. ಚೌರಪ್ಪ ದಪ್ಪ ದನಿಯ ಬೇಸ್ ಗಿಟಾರ್ ಕೈಗೆ ಕೊಟ್ಟು, "ಈ ತಂತಿ ಎರಡು ಸಲ, ಆ ತಂತಿ ಎರಡು ಸಲ. ನಾನು ನಿಲ್ಲಿಸು ಅನ್ನೋವರೆಗೂ ಹೊಡೀತಾ ಇರು" ಅಂದ. ಅಂದವನು ಮರೆತು ಊಟಕ್ಕೆ ಹೋದ, ಉಂಡು ಮಲಗಿ ಎದ್ದು ಬಂದ. ಇನ್ನಾಸಿ ಹೊಡೀತಾನೇ ಇದ್ದ! ಬೆರಳು ಕೆಂಪಾಗಿತ್ತು. ತಾಳ ಮಾತ್ರ ಒಂದಿಷ್ಟೂ ತಪ್ಪಿರಲಿಲ್ಲ.

"ಅಕ್ಕ, ಇವನು ಬೇಸಿಗೇ ಹುಟ್ಟಿದೋನು!" ಅಂದ ಚೌರಪ್ಪ. "ಆದ್ರೆ ದನಿ ದೊಡ್ಡದು ಮಾಡೋಕೆ ಇವನದೇ ಒಂದು ಆಂಪ್ಲಿಫೈಯರ್ ಬೇಕು."

ಪಕ್ಕದ ಪೇಟೆಯಲ್ಲಿ ಒಂದು ಆರ್ಕೆಸ್ಟ್ರಾ ಮುಚ್ಚಿಹೋಗಿತ್ತು. ಅವರ ಹತ್ತಿರ ಹಳೇದೊಂದು ಬೇಸ್ ಆಂಪ್ ಇತ್ತು. ಸ್ಪೀಕರ್ರು, ಯಂತ್ರ ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ. ಕಲ್ಲಿನಷ್ಟು ಭಾರ, ಮೂಲೆ ಸವೆದಿದೆ, ಒಳಗೆ ಹಳೇ ಕಾಲದ ಗಾಜಿನ ಬುರುಡೆಗಳು. ಜ್ಞಾನಮ್ಮ ಹಾಲು ಕೊಡೋ ಆಡನ್ನ ಕೊಟ್ಟು ಆ ಪೆಟ್ಟಿಗೆ ತಂದಳು. ಆಡು ಹೋದ ಹಗ್ಗ ಗೂಟದಲ್ಲೇ ಉಳೀತು.

"ನೋಡೋ ಇನ್ನಾಸಿ," ಅಂದ ಚೌರಪ್ಪ, "ಇದು ಹಳೇ ಪೆಟ್ಟಿಗೆ. ಚೆನ್ನಾಗಿ ಬಿಸಿ ಮಾಡಿ ಆಮೇಲೆ ನುಡಿಸ್ಬೇಕು."

"ಸರಿ ಮಾಮ!"

ಬೆಳಗ್ಗೆ ಎದ್ದ, ನೀರೊಲೆಗೆ ಸೌದೆ ತುಂಬಿದ, ಧಗಧಗ ಉರಿ ಹಚ್ಚಿದ, ಪೆಟ್ಟಿಗೆಯನ್ನ ಒಲೆಯ ಬಾಯಿಗೆ ಒತ್ತಿಟ್ಟ. ಪೆಟ್ಟಿಗೆಯ ಕರೀ ರೆಕ್ಸಿನ್ನು ಕರಗಿ ಸೊರಸೊರ ಇಳೀತು. ಕೇರಿಯೆಲ್ಲ ಗಬ್ಬು ನಾತ! ಎದುರು ಮನೆಯವರು, ಹಿಂದಿನ ಮನೆಯವರು ಮೂಗು ಮುಚ್ಕೊಂಡು ಬಂದು ಸಾಲಾಗಿ ನಿಂತರು. ಜ್ಞಾನಮ್ಮನಿಗೆ ನೆಲ ಬಾಯ್ಬಿಡಬಾರದಾ ಅನ್ನಿಸ್ತು.

ಚೌರಪ್ಪ ಓಡಿ ಬಂದ. "ಅಯ್ಯೋ ಪೆದ್ದೇ! ಒಲೆಗೆ ಯಾರು ಇಡು ಅಂದ್ರು? ಸ್ವಿಚ್ ಹಾಕಿದ್ರೆ ಅದೇ ಬಿಸಿ ಆಗುತ್ತೆ! ಸ್ವಿಚ್ ಹಾಕು, ಕೈ ಕಟ್ಕೊಂಡು ಸುಮ್ನೆ ಕೂತ್ಕೊ!"

"ಸರಿ ಮಾಮ! ಇನ್ನೊಂದು ಸಲ ಹಾಗೇ ಮಾಡ್ತೀನಿ!"

ಭಾನುವಾರ ಬಂತು. ಪುಣ್ಯಕ್ಕೆ ಪೆಟ್ಟಿಗೆಯ ಮೈ ಸುಟ್ಟಿತ್ತೇ ಹೊರತು ಜೀವ ಇತ್ತು. ಜ್ಞಾನಮ್ಮ ಒಗೆದ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಳು. ಹಾಡು ಶುರುವಾಯ್ತು. ಹಾರ್ಮೋನಿಯಂ ಬಂತು, ಡೋಲು ಬಂತು, ಬೇಸ್ ಮಾತ್ರ ಇಲ್ಲ! ತಿರುಗಿ ನೋಡಿದರೆ, ಆಡಿನ ಹಗ್ಗದಲ್ಲಿ ಎರಡೂ ಕೈ ಬಿಗಿಯಾಗಿ ಕಟ್ಟಿಕೊಂಡು, ಗಂಟನ್ನ ಹಲ್ಲಲ್ಲಿ ಎಳೀತಾ ಕೂತಿದ್ದಾನೆ ಇನ್ನಾಸಿ!

"ನುಡಿಸೋ!" ಅಂತ ಪಿಸುಗುಟ್ಟಿದ ಚೌರಪ್ಪ.

"ಕೈ ಕಟ್ಕೊಂಡಿದ್ದೀನಿ ಮಾಮ!" ಅಂತ ಚರ್ಚಿಗೆಲ್ಲ ಕೇಳೋ ಹಾಗೆ ಕೂಗಿದ ಇನ್ನಾಸಿ.

ಜನ ಕಿಸಕ್ಕಂದರು. ಜ್ಞಾನಮ್ಮ ತಲೆ ಮೇಲಿನ ಸೆರಗನ್ನ ಹಣೆವರೆಗೂ ಎಳೆದುಕೊಂಡಳು. ಚೌರಪ್ಪ ಹಗ್ಗ ಬಿಚ್ಚೋಕೆ ಬಗ್ಗಿ ಪೆಟ್ಟಿಗೆ ಮೇಲೆ ಕೈ ಊರಿದ. ಜುಂಯ್! ಕರೆಂಟು ಹೊಡೆದು ಮಾರುದೂರ ಹಾರಿದ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬೈದ: "ದಡ್ಡ! ಕೈ ಕಟ್ಕೊ ಅಂದ್ರೆ ಹಗ್ಗ ತಗೊಂಡು ಕಟ್ಕೊತಾರೇನೋ? ಈ ಪೆಟ್ಟಿಗೆಗೆ ಬೇರೆ ಅರ್ತ್ ಇಲ್ಲ!"

"ಅರ್ತ್ ಅಂದ್ರೆ ಏನು ಮಾಮ?"

"ಮಣ್ಣು ಕಣೋ, ಮಣ್ಣು! ಮಣ್ಣಿಗೆ ಸೇರಿಸಿದ್ರೇನೇ ಇದು ಸರಿಹೋಗೋದು!"

"ಸರಿ ಮಾಮ! ಹಾಗೇ ಮಾಡ್ತೀನಿ!"

ಮಾರನೇ ದಿನ ಜ್ಞಾನಮ್ಮ ತರಕಾರಿ ತಗೊಂಡು ಬರ್ತಾ ಇದ್ದಳು. ಎದುರಿಗೆ ಬಂದ ಹೆಂಗಸರು ಅವಳನ್ನ ತಬ್ಬಿಕೊಂಡು ಅಳೋಕೆ ಶುರು ಮಾಡಿದರು. "ಜ್ಞಾನಮ್ಮ, ಯಾರು ಹೋದ್ರು ನಿಮ್ಮನೇಲಿ? ಒಂದು ಮಾತು ಹೇಳಬಾರದಿತ್ತಾ?"

"ಯಾರೂ ಇಲ್ವಲ್ಲ! ಯಾಕೆ?"

"ಮತ್ತೆ ನಿನ್ನ ಮಗ ಸಮಾಧಿ ತೋಟದಲ್ಲಿ ಗುಂಡಿ ತೋಡ್ತಾ ಇದ್ದ!"

ಜ್ಞಾನಮ್ಮ ಬುಟ್ಟಿ ಅಲ್ಲೇ ಬಿಟ್ಟು ಓಡಿದಳು. ಅವಳ ಹಿಂದೆ ಅಳುವವರು, ಅವರ ಹಿಂದೆ ನೋಡುವವರು. ಇನ್ನಾಸಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಪೆಟ್ಟಿಗೆಯನ್ನ ಮಣ್ಣು ಮಾಡಿ, ಮೇಲೆ ಎರಡು ಕಡ್ಡಿಯ ಶಿಲುಬೆ ನೆಟ್ಟು, ಟೋಪಿ ತೆಗೆದು ನಿಂತಿದ್ದ.

"ಮಣ್ಣಿಗೆ ಸೇರಿಸಿದೆ ಅವ್ವ! ಇನ್ನು ಸರಿಹೋಗುತ್ತೆ!"

ಅಳ್ತಿದ್ದ ಹೆಂಗಸರು ಅಲ್ಲೇ ನಗೋಕೆ ಶುರು ಮಾಡಿದರು. ಗಂಡನ ಸಮಾಧಿ ಮುಂದೆ, ಊರವರ ಮುಂದೆ, ಜ್ಞಾನಮ್ಮ ಮಂಡಿಯೂರಿ ಕೈಯಲ್ಲೇ ಮಣ್ಣು ತೆಗೆದಳು. ಮುಂದಿನ ಭಾನುವಾರ ಅವಳು ಮುಂದಿನ ಬೆಂಚಿಗೆ ಹೋಗಲಿಲ್ಲ, ಕಂಬದ ಹಿಂದೆ ಕೂತಳು.

ಎಲೆಕ್ಟ್ರಿಷಿಯನ್ ಬಂದ, ಮಣ್ಣು ಒರೆಸಿದ, ಮೂರು ಕಡ್ಡಿಯ ಪ್ಲಗ್ ಹಾಕಿ ಅರ್ತ್ ಕೊಟ್ಟ. ಏನಾಶ್ಚರ್ಯವೋ, ಪೆಟ್ಟಿಗೆ ಮತ್ತೆ ಗುಂಯ್ ಅಂತು! ಹೊಸದಕ್ಕಿಂತ ಚೆನ್ನಾಗಿ ಗುಂಯ್ ಅಂತು. ಇನ್ನಾಸಿ ತಂತಿ ಮುಟ್ಟಿದರೆ ಎದೆಯೊಳಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ.

ಚೌರಪ್ಪ ಹೇಳಿದ: "ಇನ್ನು ಮೇಲೆ ನಿನ್ನಷ್ಟಕ್ಕೆ ನೀನು ಏನೂ ಮಾಡಬೇಡ! ನಾನು ಹೇಳಿದ ತಕ್ಷಣ, ಹೇಳಿದ್ದು ಮಾತ್ರ ಮಾಡು!"

"ಸರಿ ಮಾಮ! ಹಾಗೇ ಮಾಡ್ತೀನಿ!"

ಚೌರಪ್ಪನ ಅಣ್ಣನ ಮಗಳ ಮದುವೆ. ಚರ್ಚಿನ ಹಾಲಿನಲ್ಲಿ ಊಟ, ಸ್ಟೇಜಿನ ಮೇಲೆ ಹಾಡು. ಪೆಟ್ಟಿಗೆಯನ್ನ ಮೇಜಿನ ಮೇಲೆ ಇಟ್ಟಿದ್ದರು. ಇನ್ನಾಸಿ ತಂತಿ ಮೀಟಿದ್ದೇ ತಡ, ಎಲೆ ಮೇಲಿನ ಹಪ್ಪಳ ನಡುಗಿತು, ಲೋಟದ ನೀರು ಕುಣೀತು, ಮದುಮಗಳ ತಲೆಯ ಕಿರೀಟ ಕಿವಿಗೆ ಜಾರಿತು.

"ಇಳಿಸೋ!" ಅಂದ ಚೌರಪ್ಪ.

ಇನ್ನಾಸಿ ಪೆಟ್ಟಿಗೆಯನ್ನ ಮೇಜಿನಿಂದ ಸ್ಟೇಜಿಗೆ ಇಳಿಸಿದ. ಮತ್ತೆ ಮೀಟಿದ. ಗುಂಯ್!

"ಇನ್ನೂ ಇಳಿಸೋ!"

ಸ್ಟೇಜಿನಿಂದ ನೆಲಕ್ಕೆ ಇಳಿಸಿದ. ಗುಂಯ್!

"ಇನ್ನೂ ಇಳಿಸೋ, ನಿನ್ನ ದಮ್ಮಯ್ಯ!"

ನೆಲಕ್ಕಿಂತ ಕೆಳಗೆ ಎಲ್ಲಿಗೆ ಇಳಿಸೋದು? ಇನ್ನಾಸಿ ಸುತ್ತಲೂ ನೋಡಿದ. ಹಿಂಬಾಗಿಲ ಆಚೆ ಎಂಜಲೆಲೆ ಹಾಕೋ ಗುಂಡಿ ಕಾಣಿಸ್ತು! ಪೆಟ್ಟಿಗೆ ತಬ್ಬಿಕೊಂಡು ಹೊರಟ. ವೈರು ಬಿಗಿದು ಮೈಕು ಬಿತ್ತು, ಮೈಕು ಹಾರ್ಮೋನಿಯಮ್ಮನ್ನ ಕೆಡವಿತು, ಫ್ಯೂಸ್ ಹಾರಿ ಹಾಲೆಲ್ಲ ಕತ್ತಲು. ಗುಂಡಿಯೊಳಗಿಂದ ಮಾತ್ರ ಸಂತೋಷದ ಕೂಗು: "ಇಷ್ಟು ಸಾಕಾ ಮಾಮ?"

ಬೀಗರ ಮುಂದೆ ಚೌರಪ್ಪನ ಮುಖ ಸುಟ್ಟ ಬದನೆಕಾಯಿ. "ಮುಟ್ಠಾಳ! ಪೆಟ್ಟಿಗೆ ಇಳಿಸೋದಲ್ಲ, ದನಿ ಇಳಿಸೋದು! ಇಗೋ, ಪೆಟ್ಟಿಗೆ ಮುಂದೆ ಈ ತಿರುಗಿಸೋ ಗುಂಡಿ ಇದೆಯಲ್ಲ, ಇದನ್ನ ಕಿವಿ ಅಂತೀವಿ. ದನಿ ಜಾಸ್ತಿ ಆಯ್ತು ಅಂತ ಯಾರಾದ್ರೂ ಅಂದ್ರೆ ಎದ್ದು ಹೋಗಿ ಎಡಗಡೆ ಕಿವಿ ತಿರುಪು! ತಿಳೀತಾ?"

"ತಿಳೀತು ಮಾಮ! ಎಡಗಡೆ ಕಿವಿ!"

ಜ್ಞಾನಮ್ಮ ಆ ಮದುವೆಯಲ್ಲಿ ಊಟ ಮಾಡಲಿಲ್ಲ. ಹಿತ್ತಲ ನಲ್ಲಿಯ ಹತ್ತಿರ ಪೆಟ್ಟಿಗೆಗೆ ಅಂಟಿದ್ದ ಅನ್ನ, ಪಲ್ಯ ಒರೆಸ್ತಾ ಕೂತಳು.

ಚರ್ಚಿನ ಹಬ್ಬ ಹತ್ತಿರ ಬಂತು. ಹಬ್ಬದ ಹಿಂದಿನ ದಿನದ ಪೂಜೆಗೆ ಪ್ರಸಂಗ ಹೇಳೋಕೆ, ಅಂದ್ರೆ ಉಪದೇಶ ಮಾಡೋಕೆ, ದೂರದಿಂದ ಒಬ್ಬರು ಪಾದ್ರಿ ಸ್ವಾಮಿಗಳು ಬಂದಿದ್ದರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಪರವೂರಿನ ಜನರೂ ಬಂದು ತುಂಬಿದ್ದರು. ಕಂಬದ ಹಿಂದೆ ಜ್ಞಾನಮ್ಮನ ಪಕ್ಕ ಒಬ್ಬಳು ಅಪರಿಚಿತ ಹೆಂಗಸು ಕೂತಿದ್ದಳು.

ಸ್ವಾಮಿಗಳು ಪಾಪದ ವಿಚಾರ ಗುಡುಗೋಕೆ ಶುರು ಮಾಡಿದರು. ಹಾಡುಗಾರರ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕಿವಿ ಮುಚ್ಕೊಂಡು, "ಅಬ್ಬಬ್ಬಾ, ದನಿ ಜಾಸ್ತಿ ಆಯ್ತಪ್ಪ!" ಅಂದಳು.

ಅಂದಿದ್ದೇ ತಡ! ಇನ್ನಾಸಿ ಎದ್ದ. ನೆಟ್ಟಗೆ ನಡೆದ. ಪೀಠದ ಮೆಟ್ಟಿಲು ಹತ್ತಿದ. ಸ್ವಾಮಿಗಳ ಎಡಗಿವಿ ಹಿಡಿದು ಮೆಲ್ಲಗೆ, ಬಹಳ ಮರ್ಯಾದೆಯಿಂದ, ತಿರುಪಿದ.

ಸ್ವಾಮಿಗಳ ಮಾತು ಗಂಟಲಲ್ಲೇ ನಿಂತಿತು. 'ನೋಡಿ, ಕಮ್ಮಿ ಆಯ್ತು!' ಅನ್ನೋ ಹಾಗೆ ಇನ್ನಾಸಿ ಜನರ ಕಡೆ ನೋಡಿ ನಕ್ಕ.

ಪಕ್ಕದ ಹೆಂಗಸು ಜ್ಞಾನಮ್ಮನ ಮೊಣಕೈ ತಿವಿದಳು. "ಅಯ್ಯೋ ಕರ್ಮವೇ! ಯಾರಮ್ಮ ಅದು? ಯಾರ ಮಗ?"

ಜ್ಞಾನಮ್ಮ ಮುಖವನ್ನ ಕಂಬದ ಕಡೆ ತಿರುಗಿಸಿದಳು. "ನಂಗೊತ್ತಿಲ್ಲ" ಅಂದುಬಿಟ್ಟಳು.

ಅಂದ ಮೇಲೆ ಅವಳಿಗೆ ಪೂಜೆಯಲ್ಲಿ ಏನಾಯ್ತೋ ಕಾಣಿಸಲಿಲ್ಲ. ಅನ್ನ ಸೀದಾಗ, ರೆಕ್ಸಿನ್ ಸುಟ್ಟಾಗ, ಸಮಾಧಿ ತೋಡಿದಾಗ ಆದ ನಾಚಿಕೆಯೆಲ್ಲ ಮಗನಿಂದ ಬಂದದ್ದು. ಈ ನಾಚಿಕೆ ಅವಳದೇ. ಸೆರಗಿನಿಂದ ಮುಚ್ಚೋಕೆ ಆಗದ್ದು.

ಹೊರಗೆ ಹಾಡುಗಾರರೆಲ್ಲ ಸೇರಿ, "ಇವನನ್ನ ಕಳಿಸಿಬಿಡಿ!" ಅಂತ ಗಲಾಟೆ. ಚೌರಪ್ಪ ಕೈ ಮುಗಿದು, "ನಾಳೆ ಹಬ್ಬ ಒಂದು ಆಗಲಿ" ಅಂದ. ಇನ್ನಾಸಿಯನ್ನ ಮೂಲೆಗೆ ಎಳೆದು ಹಲ್ಲು ಕಚ್ಚಿದ: "ಇನ್ನು ಮನುಷ್ಯರ ಕಿವಿ ಮುಟ್ಟಿದ್ರೆ ಕೈ ಮುರೀತೀನಿ! ಇಳಿಸು ಅಂತ ಯಾರೇ ಅನ್ನಲಿ, ಎಲ್ಲೇ ಅನ್ನಲಿ, ಪೆಟ್ಟಿಗೆಯ ಕಿವಿ ತಿರುಪು! ಪೆಟ್ಟಿಗೆಯದು ಮಾತ್ರ!"

"ಸರಿ ಮಾಮ! ಪೆಟ್ಟಿಗೆಯದು ಮಾತ್ರ!"

ಮನೆಗೆ ಬಂದ. ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. "ನನ್ನ ಮುಖಕ್ಕೆ ಮಸಿ ಬಳಿದೆಯಲ್ಲೋ!" ಅಂದಳು.

ಇನ್ನಾಸಿ ಗಾಬರಿಯಾಗಿ ಟವೆಲ್ಲು ನೆನೆಸಿಕೊಂಡು ಬಂದ. ಅವಳ ಹಣೆ ಒರೆಸಿದ, ಕೆನ್ನೆ ಒರೆಸಿದ, ಟವೆಲ್ಲನ್ನ ಬೆಳಕಿಗೆ ಹಿಡಿದು ನೋಡಿದ. "ಮಸಿ ಇಲ್ಲ ಅವ್ವ! ಬರೀ ನೀರು ಬರ್ತಾ ಇದೆ!"

ಜ್ಞಾನಮ್ಮ ಅವನ ಕೈ ತಳ್ಳಲಿಲ್ಲ. 'ನಂಗೊತ್ತಿಲ್ಲ' ಅಂದ ಬಾಯಿಂದ ಬೈಗುಳ ಹೊರಡಲಿಲ್ಲ. "ಊರಲ್ಲಿ ತಲೆ ಎತ್ತೋ ಹಾಗಿಲ್ಲ ಮಗನೇ," ಅಂದಳು. "ಒಂದು ದಿನ, ಒಂದೇ ದಿನ, ನನ್ನ ತಲೆ ಎತ್ತೋ ಹಾಗೆ ಮಾಡು."

"ಎಷ್ಟು ಎತ್ತರಕ್ಕೆ ಅವ್ವ?"

ಅವಳಿಗೆ ಸುಸ್ತಾಗಿತ್ತು. "ಎಲ್ಲರಿಗಿಂತ ಮೇಲೆ ಕಣೋ" ಅಂದಳು.

"ಸರಿ ಅವ್ವ! ಹಾಗೇ ಮಾಡ್ತೀನಿ!"

ಹಬ್ಬದ ಪೂಜೆ. ಚರ್ಚು ತುಂಬಿ ಅಂಗಳಕ್ಕೆ ಚೆಲ್ಲಿತ್ತು. ಇನ್ನಾಸಿ ಅವತ್ತು ನುಡಿಸಿದ್ದು ಹೇಗಂತೀರಿ! ಸ್ವಿಚ್ ಹಾಕಿ ಕಾದ, ಕೈಗೆ ಹಗ್ಗ ಕಟ್ಟಲಿಲ್ಲ, ಯಾರ ಕಿವಿಗೂ ಹೋಗಲಿಲ್ಲ. ಸುಟ್ಟ ಮೈಯ ಹಳೇ ಪೆಟ್ಟಿಗೆ ಹಾಡಿನ ಅಡಿಯಲ್ಲಿ ಅಡಿಪಾಯದ ಕಲ್ಲಿನ ಹಾಗೆ ನಿಂತಿತು. ಬೈದಿದ್ದ ಹಾಡುಗಾರರೂ ತಲೆದೂಗಿದರು. ಕಂಬದ ಹಿಂದೆ ಜ್ಞಾನಮ್ಮನ ಉಸಿರು ಸ್ವಲ್ಪ ಸಡಿಲವಾಯ್ತು.

ಹಾಡು ನಿಂತಿತು. ಪೀಠದ ಗಂಟೆ ಬಾರಿಸಿದರು. ಜನರೆಲ್ಲ ಮಂಡಿಯೂರಿ ತಲೆ ತಗ್ಗಿಸಿದರು. ಆಗ ಬಂತು ಧಡಧಡ ಹೆಜ್ಜೆ ಸದ್ದು. ಇನ್ನಾಸಿ ಕಂಬದ ಹಿಂದೆ ಬಂದ, ಮಂಡಿಯೂರಿದ್ದ ಅವ್ವನನ್ನ ಮಗುವಿನ ಹಾಗೆ ಎತ್ತಿಕೊಂಡ, ಎಲ್ಲರ ನಡುವೆ ಹೊತ್ತು ನಡೆದ, ಹಾಡುಗಾರರ ಮುಂದೆ ಮೇಜಿನ ಮೇಲಿದ್ದ ಆ ಪೆಟ್ಟಿಗೆ ಮೇಲೆ ಕೂರಿಸಿದ!

"ನೋಡವ್ವ! ಎಲ್ಲರ ತಲೆ ಕೆಳಗೆ, ನಿನ್ನ ತಲೆ ಮೇಲೆ!"

ತಗ್ಗಿದ್ದ ತಲೆಗಳೆಲ್ಲ ಎದ್ದವು. ಹಬ್ಬಕ್ಕೂ ಉಳಿದಿದ್ದ ಆ ಸ್ವಾಮಿಗಳು ತಮ್ಮ ಕಿವಿ ಮುಟ್ಟಿಕೊಂಡರು. ಜ್ಞಾನಮ್ಮ ಕಾಲು ಇಳಿಬಿಟ್ಟುಕೊಂಡು, ಎಲ್ಲಿ ನೋಡಬೇಕೋ ತಿಳಿಯದೆ ಕೂತಳು. ಅವಳ ಕೆಳಗೆ ಪೆಟ್ಟಿಗೆ ಬೆಚ್ಚಗೆ ಗುಂಯ್ ಅಂತಿತ್ತು. ನಿನ್ನೆಯ ಆ ಅಪರಿಚಿತ ಹೆಂಗಸು ಜನರ ನಡುವಿನಿಂದ ಬಾಯ್ಬಿಟ್ಟುಕೊಂಡು ಅವಳನ್ನೇ ನೋಡ್ತಿದ್ದಳು.

ಜ್ಞಾನಮ್ಮ ಸೆರಗನ್ನ ಹಣೆಗೆ ಎಳೆಯೋಕೆ ಹೋದ ಕೈಯನ್ನ ನಿಲ್ಲಿಸಿದಳು.

"ನನ್ನ ಮಗ ಕಣಮ್ಮ," ಅಂದಳು ಆ ಹೆಂಗಸಿಗೆ. ಮುಂದೆಯೇ ಮೈಕು ಇತ್ತು, ಅಂಗಳದವರಿಗೂ ಕೇಳಿಸ್ತು. "ಇವನು ನನ್ನ ಮಗ."

ಆಮೇಲೆ ನಾಚಿಕೆಯಿಂದ ಕುಗ್ಗಿಹೋಗಿ, ಇನ್ನಾಸಿಯ ಕಡೆ ಬಗ್ಗಿ ಪಿಸುಗುಟ್ಟಿದಳು: "ಸಾಕು, ಇಳಿಸೋ ಮಗನೇ!"

ಇನ್ನಾಸಿ ಪೆಟ್ಟಿಗೆಯ ಕಿವಿ ಸ್ವಲ್ಪ ತಿರುಪಿದ.

"ಇಳಿಸೋ, ನಿನ್ನ ಕಾಲು ಹಿಡೀತೀನಿ!"

ಇನ್ನೂ ಸ್ವಲ್ಪ ತಿರುಪಿದ.

"ಅಯ್ಯೋ, ಇಳಿಸೋ!"

ಪೂರ್ತಿ ತಿರುಪಿದ. ಗುಂಯ್ ಅನ್ನೋದು ನಿಂತೇ ಹೋಯ್ತು. "ಇಳಿಸಿದೆ ಅವ್ವ!" ಅಂದವನೇ ಮಂಡಿಯೂರಿ, ಎಲ್ಲರ ಹಾಗೆ ತಲೆ ತಗ್ಗಿಸಿ, ಭಕ್ತಿಯಿಂದ ಕಣ್ಣು ಮುಚ್ಚಿಕೊಂಡ.