ಮಂತ್ರಿಗಳಿಗೆ ಮೂರು ಶಾಲು

ನಮ್ಮ ಮಠದ ಡ್ರೈವರನಂಥ ಜಾಣ ಸೇಡಂ ಸೀಮೆಯಲ್ಲಿ ಇನ್ನೊಬ್ಬನಿಲ್ಲ, ಹುಟ್ಟುವುದೂ ಇಲ್ಲ ಬಿಡಿ. ಹೋದ ಬೇಸಿಗೆಯಲ್ಲಿ ಅವನ ತಮ್ಮ ಕಲ್ಲಿನ ಗಣಿಯಲ್ಲಿ ಬಿಸಿಲು ಹೊಡೆದು ಸತ್ತ. ಹವಾಮಾನ ಕಾಯ್ದೆ ಬಂದರೆ ಸುಡುಬಿಸಿಲಿನ ದುಡಿಮೆ ನಿಲ್ಲುತ್ತದೆಂದು ಸ್ವಾಮಿಗಳು, ಮೌಲ್ವಿ ಸಾಹೇಬರು, ಚರ್ಚಿನ ಫಾದರ್ ಸೇರಿ ಮಂತ್ರಿಗಳನ್ನು ಕರೆಸಿದರು.

"ಮೊದಲು ಸನ್ಮಾನ ಆಗಲಿ, ಮನವಿ ಆಮೇಲೆ" ಎಂದರು ಮಂತ್ರಿಗಳು.

ಡ್ರೈವರ್ ನಡುಮಧ್ಯಾಹ್ನ ಬಯಲಲ್ಲೇ ವೇದಿಕೆ ಹಾಕಿಸಿದ. ಮೂವರಿಂದಲೂ ಒಂದೊಂದು ಉಣ್ಣೆ ಶಾಲು ಹೊದಿಸಿದ. ಆಶೀರ್ವಚನ ಮುಗಿಯುವ ತನಕ ಶಾಲು ತೆಗೆಯುವಂತಿಲ್ಲ, ಅದು ಮಠದ ಪದ್ಧತಿ. ಸ್ವಾಮಿಗಳೋ ಸೃಷ್ಟಿಯಿಂದ ಶುರುಮಾಡಿ ಇನ್ನೂ ಅಲ್ಲೇ ಇದ್ದರು. ಮಂತ್ರಿಗಳ ಬೆವರು ಹರಿದು ನಿಂತಲ್ಲಿ ಎಮ್ಮೆಯೊಂದು ಬಂದು ಮಲಗಿತು.

"ಏ, ಅಪ್ಪಾರಿಗೆ ಮುಗಸ್ರಿ ಅನ್ನೋ, ಬೆಂದುಹೋದೆ" ಎಂದು ಮಂತ್ರಿಗಳು ಸ್ವಾಮಿಗಳತ್ತ ಕಣ್ಣು ಹಾಯಿಸಿ ಡ್ರೈವರನಿಗೆ ಪಿಸುಗುಟ್ಟಿದರು.

"ಕಾಯ್ದೆ ತರ್ತೀನಂತ ಮೈಕಿನಾಗ ಹೇಳ್ರಿ ಸಾಹೇಬ್ರ, ತಾವೇ ಮುಗಸ್ತಾರ."

ಮಂತ್ರಿಗಳು ಮೈಕ್ ಕಸಿದುಕೊಂಡು ಮೂರೂ ಧರ್ಮದ ಮೇಲೆ ಆಣೆ ಮಾಡಿದರು. ಜನ ಚಪ್ಪಾಳೆ ತಟ್ಟಿದರು.

ಅಧಿವೇಶನ ಮುಗಿಯಿತು, ಕಾಯ್ದೆ ಬರಲಿಲ್ಲ. ಆದೇಶವೊಂದು ಬಂತು: ಬೇಸಿಗೆಯಲ್ಲಿ ಮಂತ್ರಿಗಳಿಗೆ ಶಾಲು ಹೊದಿಸಕೂಡದು.

ಅಷ್ಟರಲ್ಲಿ ತಮ್ಮನ ಹೆಂಡತಿ ಅದೇ ಗಣಿಗೆ ಹೊರಟಿದ್ದಳು. ನಮ್ಮ ಜಾಣ ಅವಳ ಬುತ್ತಿಯ ಜೊತೆ ಇನ್ನೊಂದು ನೀರಿನ ಬಾಟಲಿ ಇಟ್ಟ. ಅವನಿಗೆ ಬೇರೇನೂ ಹೊಳೆಯಲಿಲ್ಲ.