ಎರಡನೆಯ ಓಲೆಕಾರನ ದಾರಿ

ಜುಲೈ ಒಂಬತ್ತು, ಬುಧವಾರ. ಬೆಳಗಿನಿಂದ ಮೋಡ, ಗಾಳಿ ಮಾತ್ರ, ಮಳೆಯಿಲ್ಲ.

ಫಾಲಾಕ್ಷ ಕುಳಿತಲ್ಲಿ ಕೂರಲಾರದೆ ತನ್ನ ಗುರುಗಳ ಮುಂದೆ ನಕ್ಷೆಯನ್ನು ಮತ್ತೆ ಬಿಚ್ಚಿದ. ಅಣೆಕಟ್ಟೆಯಿಂದ ಪಟ್ಟಣಕ್ಕೆ ನೆರೆಯ ಸುದ್ದಿ ಒಯ್ಯುವ ಎರಡು ತಂತಿಗಳಿಗೆ ಅವನು ದಾರಿ ಗುರುತಿಸಬೇಕಿತ್ತು. ಒಂದು ಕಡಿದರೆ ಇನ್ನೊಂದು ಉಳಿಯಬೇಕು. ಸಂಜೆಯೊಳಗೆ ನಕ್ಷೆ ಕಚೇರಿ ಸೇರಬೇಕು.

“ಗುರುಗಳೇ, ಇರುವ ದಾರಿಗಳನ್ನೆಲ್ಲ ಜೋಡಿ ಜೋಡಿಯಾಗಿ ತೂಗಿ ನೋಡಲು ಕಂಪ್ಯೂಟರಿಗೂ ನೂರು ವರ್ಷ ಬೇಕು. ಅದಕ್ಕೇ ಅತಿ ಹತ್ತಿರದ್ದನ್ನು ಮೊದಲ ತಂತಿಗೆ ಕೊಟ್ಟೆ. ಈಗ ಎರಡನೆಯದಕ್ಕೆ ಬೇರೆ ದಾರಿಯೇ ಸಿಗುತ್ತಿಲ್ಲ. ಒಂದೇ ಒಂದು ಕಡೆ ಎರಡೂ ಕೂಡಿದರೆ ತಪ್ಪೇನು?”

ಗುರುಗಳು ಒಂದು ಕತೆ ಹೇಳಿದರು.

ಒಂದು ದೊಡ್ಡ ಕೆರೆಗೆ ಒಬ್ಬ ಅಧಿಕಾರಿಯಿದ್ದ. ಅವಸರದ ಓಲೆಯನ್ನು ಇಬ್ಬರ ಕೈಯಲ್ಲಿ, ಬೇರೆ ಬೇರೆ ದಾರಿಯಲ್ಲಿ ಕಳಿಸುವುದು ಅಲ್ಲಿನ ಪದ್ಧತಿ. ಒಂದು ದಿನ ಕೆರೆಯ ಏರಿ ಬಿರುಕುಬಿಟ್ಟಿತು. ಹೊಳೆಯಾಚೆಯ ಊರಿನವರು ಕೂಡಲೇ ಗುಡ್ಡ ಹತ್ತಬೇಕೆಂದು ಅವನು ಎರಡು ಓಲೆ ಬರೆದ. ಮೊದಲನೆಯವನಿಗೆ ಅತಿ ಹತ್ತಿರದ ದಾರಿ ಕೊಟ್ಟ: ಕಣಿವೆ, ಅಲ್ಲಿಂದ ಸೇತುವೆ, ಆಮೇಲೆ ಊರು. ಎರಡನೆಯವನಿಗೆ ಉಳಿದದ್ದು ಕಾಡಿನ ಸುತ್ತುದಾರಿ. ಅದೂ ಬಂದು ಸೇರುವುದು ಅದೇ ಸೇತುವೆಗೆ.

ಎರಡನೆಯವನು ಹೊರಡಲಿಲ್ಲ.

“ಒಡೆಯಾ, ಇಬ್ಬರಿಗೂ ಒಂದೇ ಸೇತುವೆಯಾದರೆ ನಾನು ಹೋಗುವುದು ಯಾಕೆ, ಅವನ ಜೊತೆ ಹರಟೆಗೋ? ಕಣಿವೆಯಿಂದ ಹೊಳೆ ದಾಟಿಸುವ ದೋಣಿಯ ಕಡೆಗೂ ದಾರಿಯಿದೆ. ಅವನು ಅತ್ತ ತಿರುಗಿಕೊಳ್ಳಲಿ. ಕಾಡಿನಿಂದ ಬರುವವನಿಗೆ ಸೇತುವೆ ಬಿಟ್ಟರೆ ಗತಿಯಿಲ್ಲ.”

“ಅವನಿಗೆ ಎರಡು ಗಳಿಗೆ ತಡವಾಗುತ್ತದೆ. ಕೊಟ್ಟ ದಾರಿಯನ್ನು ಕಿತ್ತುಕೊಳ್ಳುವವನು ನಾನಲ್ಲ. ಉಳಿದದ್ದರಲ್ಲಿ ನೀನು ಹೊಂದಿಸಿಕೋ.”

ಇಬ್ಬರೂ ಓಡಿದರು. ಕೆರೆ ಕೋಡಿಬಿದ್ದ ನೀರು ಆಗಲೇ ಸೇತುವೆಯನ್ನು ಒಯ್ದಿತ್ತು. ಮೊದಲನೆಯವನು ದಡದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಕಣಿವೆಗೆ ಹಿಂತಿರುಗಿ ದೋಣಿ ಹಿಡಿಯಲು ಹೊತ್ತು ಉಳಿದಿರಲಿಲ್ಲ. ಎರಡನೆಯವನು ಬಂದ, ನೋಡಿದ. ಓಲೆಯನ್ನು ರುಮಾಲಿನಲ್ಲಿ ಬಿಗಿದು ನೀರಿಗಿಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಫಾಲಾಕ್ಷನ ಬೆರಳು ನಕ್ಷೆಯ ಮೇಲೆ ಎರಡು ಗೆರೆಗಳು ಕೂಡುವಲ್ಲಿ ಬಂದು, ಸರಿದು, ಮತ್ತೆ ಅಲ್ಲಿಗೇ ಬಂತು.

“ಓಲೆ ಊರಿಗೆ ಮುಟ್ಟಿತೇ?”

“ಮುಟ್ಟಿತು, ಏರಿ ಒಡೆದು ಬಂದ ನೀರೇ ಅವನನ್ನೂ ಓಲೆಯನ್ನೂ ಊರೊಳಕ್ಕೆ ತಂದು ಹಾಕಿತು.”