ಪೋಸ್ಟ್‌ಮ್ಯಾನ್ ಓದಿದ ಕಾಗದ

ಹಳೆಯ ಸಿನಿಮಾಗಳ ಹಕ್ಕು ಪಡೆದು ಡಿವಿಡಿ ಮಾಡಿ ಮಾರುವ ಪುಟ್ಟ ಕಂಪನಿಯೊಂದು ದಾವಣಗೆರೆಯಲ್ಲಿತ್ತು. ಅಲ್ಲಿನ ಹಿರಿಯ ಗುಮಾಸ್ತೆ ಪಂಕಜಾಕ್ಷಿ ಒಂದು ಕಪ್ಪು-ಬಿಳುಪು ಚಿತ್ರದ ಹಕ್ಕು ಕೇಳಲು ನಿರ್ಮಾಪಕರ ಮಗ ವಿಶ್ವಂಭರಯ್ಯನವರ ಮನೆಗೆ ಹೋದಳು.

"ನಮ್ಮಪ್ಪನ ಚಿತ್ರ ಅಂದರೆ ರತ್ನ ಕಣಮ್ಮ. ಅಂಗಡೀಲಿ ಸೋಪಿನ ಪಕ್ಕ ಇಟ್ಟು ಮಾರೋಕೆ ಕೊಡಲ್ಲ," ಎಂದರು ಅವರು, ಮೀಸೆ ತಿರುವುತ್ತ.

"ಬೇಡ ಬಿಡಿ ಸಾರ್. ಅದರ ಕಥೆಯನ್ನಾದರೂ ಹೇಳಿ, ಕೇಳಿಕೊಂಡು ಹೋಗ್ತೀನಿ."

ವಿಶ್ವಂಭರಯ್ಯನವರ ಕೈ ಮೀಸೆಯಿಂದ ಕೆಳಗಿಳಿಯಿತು. ಅವರು ಹುಟ್ಟಿದ ವರ್ಷ ಬಂದ ಚಿತ್ರ ಅದು. ಒಮ್ಮೆಯೂ ನೋಡಿರಲಿಲ್ಲ.

"ನಾನು ಚಿಕ್ಕವಳಿದ್ದಾಗ ಟೂರಿಂಗ್ ಟಾಕೀಸಲ್ಲಿ ನೋಡಿದ್ದೆ," ಎಂದು ಪಂಕಜಾಕ್ಷಿ ತಾನೇ ಶುರುಮಾಡಿದಳು. ಯುದ್ಧಕ್ಕೆ ಹೋದ ಗಂಡನ ಕಾಗದಕ್ಕಾಗಿ ಓದು ಬಾರದ ಹೆಣ್ಣೊಬ್ಬಳು ಕಾಯುತ್ತಾಳೆ. ಕೊನೆಗೊಂದು ದಿನ ಪೋಸ್ಟ್‌ಮ್ಯಾನ್ ಬರುತ್ತಾನೆ. "ಆ ಪಾತ್ರ ಮಾಡಿದವರು ನಿಮ್ಮ ತಂದೆಯವರೇ ಸಾರ್. ಕಾಗದ ಒಡೆದು ಅವಳಿಗೆ ಓದಿ ಹೇಳ್ತಾರೆ."

"ಏನಂತ ಓದ್ತಾರೆ?" ವಿಶ್ವಂಭರಯ್ಯ ಮುಂದಕ್ಕೆ ಬಾಗಿದರು.

ಪಂಕಜಾಕ್ಷಿ ಎದ್ದು ನಿಂತಳು. "ಅದನ್ನ ಅವರ ದನೀಲೇ ಕೇಳಬೇಕು ಸಾರ್. ಡಿವಿಡಿ ಆದರೆ ಮೊದಲ ಪ್ರತಿ ನಿಮಗೇ."

ಆರನೇ ವಯಸ್ಸಿಗೇ ಕಳೆದುಕೊಂಡ ಅಪ್ಪನ ದನಿ ವಿಶ್ವಂಭರಯ್ಯನವರಿಗೆ ನೆನಪಿರಲಿಲ್ಲ. ಅವರು ಜೇಬಿನಿಂದ ಪೆನ್ನು ತೆಗೆದರು.

"ಎಲ್ಲಿ ಸಹಿ ಹಾಕಬೇಕು?" ಎಂದು ಮೆಲ್ಲಗೆ ಕೇಳಿದರು.